ಲಗಾಮು ಹಿಡಿಯುವ ಮುನ್ನ

ವಿಜಯಪುರದ ಮಕ್ಕಳಲ್ಲಿ ಅನೇಕರಿಗೆ ಕುದುರೆಯ ಮೊದಲ ದರ್ಶನವಾಗುವುದು ಟಾಂಗಾದಲ್ಲಿ. ಗೋಳಗುಮ್ಮಟದ ದಾರಿಯಲ್ಲಿ ತಂದೆಯ ತೊಡೆಯ ಮೇಲೆ ಕುಳಿತ ಬಾಲಕನಿಗೆ ಕಾಣುವುದು ಅದರ ಬಾಲ, ಕೇಳುವುದು ಲಾಳದ ಸಪ್ಪಳ. ಕುದುರೆಯ ಸ್ನೇಹಕ್ಕೆ ಇಷ್ಟು ತಪ್ಪಾದ ದಿಕ್ಕು ಮತ್ತೊಂದಿಲ್ಲ! ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದು ಸುತ್ತಲಿನ ಬಹುಭಾಗವನ್ನು ಏಕಕಾಲಕ್ಕೆ ನೋಡಬಲ್ಲದು. ನೋಡಲಾರದ್ದು ನೇರ ಹಿಂಬದಿಯನ್ನು ಮತ್ತು ಮೂಗಿನ ಮುಂದಣ ಅಲ್ಪ ಜಾಗವನ್ನು. ಹಿಂದಿನಿಂದ ಓಡಿಬಂದ ಮಗುವನ್ನು ಅದು ಮೇಲೆರಗುವ ಮೃಗವೆಂದು ಬಗೆದು ಒದೆಯುತ್ತದೆ. ಅದು ಅದರ ಹುಟ್ಟುಗುಣ.

ಆದುದರಿಂದ ಮೊದಲ ಪಾಠ ನೆಲದ ಮೇಲೆಯೇ ನಡೆಯಬೇಕು. ಮೆಲ್ಲನೆ ಮಾತನಾಡುತ್ತ ಭುಜದ ಕಡೆಯಿಂದ ಸಮೀಪಿಸಬೇಕು. ಕಿವಿ ಮುಂದಕ್ಕೆ ನಿಮಿರಿದ್ದರೆ ಕುತೂಹಲ. ಹಿಂದಕ್ಕೆ ಮಡಿದು ಕುತ್ತಿಗೆಗೆ ಅಂಟಿದ್ದರೆ ಸಿಟ್ಟು. ಗಜ್ಜರಿಯ ತುಂಡನ್ನು ಚಾಚಿದ ಅಂಗೈಯಲ್ಲಿಟ್ಟೇ ಕೊಡಬೇಕು. ಬಾಯ ಕೆಳಗಿನದು ಕಾಣದ ಕುದುರೆ ತುಟಿಯಿಂದ ತಡಕುತ್ತದೆ. ಮಡಿಸಿದ ಬೆರಳು ಅದಕ್ಕೆ ಗಜ್ಜರಿಯೇ. ಭಾವಚಿತ್ರದ ಆಸೆಗೆ, ಅಳುವ ಕೂಸನ್ನು ಎತ್ತಿ ಬೆನ್ನ ಮೇಲೆ ಕೂರಿಸುವ ತಂದೆಯರುಂಟು. ಆ ಒಂದು ಗಳಿಗೆಯ ಅಂಜಿಕೆ ಬಹುಕಾಲ ಉಳಿದೀತು.

ಕುರಿಗಾರರ ಮಕ್ಕಳಿಗೆ ಈ ಪಾಠ ಬೇಕಿಲ್ಲ. ಟಿಕೋಟಾ, ಬಬಲೇಶ್ವರಗಳ ಬಯಲುಸೀಮೆಯಲ್ಲಿ ಹಿಂಡಿನೊಡನೆ ಸಂಸಾರದ ಹೇರು ಹೊತ್ತ ತಟ್ಟುಕುದುರೆ ನಡೆದರೆ, ಹೇರಿನ ಮೇಲೆ ಕುರಿಮರಿಗಳ ಜೊತೆ ಕೂಸೂ ಕುಳಿತಿರುವುದುಂಟು. ಭೀಮಾ ತೀರದ ‘ಭೀಮಥಡಿ’ ತಳಿ ಒಂದು ಕಾಲಕ್ಕೆ ಮರಾಠರ ಅಶ್ವಸೈನ್ಯವನ್ನು ಹೊತ್ತದ್ದು, ಗಿಡ್ಡವಾದರೂ ಗಟ್ಟಿ. ಇನ್ನು, ಹೆಣ್ಣುಮಕ್ಕಳಿಗೆ ಸವಾರಿ ಏತಕ್ಕೆಂದು ಕೇಳುವ ಅಜ್ಜಿಯರಿಗೆ ಆದಿಲ್‌ಶಾಹಿ ರಾಣಿ ಚಾಂದ್‌ಬೀಬಿ ಕುದುರೆಯೇರಿ ಗಿಡುಗದ ಬೇಟೆಗೆ ಹೊರಟ ದಖ್ಖಣಿ ಚಿತ್ರಗಳನ್ನು ತೋರಿಸಿದರೆ ಸಾಕು. ನಗರದಲ್ಲಿ 1963ರಲ್ಲಿ ಆರಂಭವಾದ ಸೈನಿಕ ಶಾಲೆಯಲ್ಲಿಯೂ ಸವಾರಿಗೆ ಎಡೆಯುಂಟು.

ಏರುವುದು ಎಡಗಡೆಯಿಂದ. ಸೊಂಟದ ಎಡಕ್ಕೆ ಖಡ್ಗ ತೂಗುತ್ತಿದ್ದ ಕಾಲದ ರೂಢಿ ಖಡ್ಗ ಹೋದರೂ ಉಳಿಯಿತು! ತಲೆಗೆ ಗಟ್ಟಿ ಶಿರಸ್ತ್ರಾಣ, ಕಾಲಿಗೆ ಹಿಮ್ಮಡಿಯುಳ್ಳ ಬೂಟು ಇರಲೇಬೇಕು. ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು. ಇಡೀ ಪಾದ ತೂರಿದರೆ, ಬಿದ್ದ ಮಗುವನ್ನು ಕುದುರೆ ಎಳೆದುಕೊಂಡೇ ಓಡೀತು. ಮೊದಮೊದಲು ಹಗ್ಗ ಬಲ್ಲವರ ಕೈಯಲ್ಲಿರಲಿ, ನಡಿಗೆ ಮಾತ್ರ ಸಾಕು. ಮಗು ಲಗಾಮನ್ನೇ ಆಧಾರವೆಂದು ಜಗ್ಗಿದರೆ ಕಡಿವಾಣ ಎಳೆಯುವುದು ಕುದುರೆಯ ಬಾಯಿಯನ್ನು. ಅದಕ್ಕೆಂದೇ ಜಾಣ ಶಿಕ್ಷಕರು ಮೊದಲ ದಿನಗಳಲ್ಲಿ ಲಗಾಮನ್ನು ಕೊಡದೆ, ಕೈ ಬೀಸಿ ಕುಳಿತುಕೊಳ್ಳುವುದನ್ನು ಕಲಿಸುತ್ತಾರೆ.

ಇಳಿದೊಡನೆ ಮನೆಗೆ ಓಡುವಂತಿಲ್ಲ. ಜೀನಿನ ಪಟ್ಟಿ ಸಡಿಲಿಸಿ, ಬೆವರಿದ ಮೈಯನ್ನು ಉಜ್ಜಿ, ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆದು, ನೀರು ತೋರಿಸುವ ಹೊತ್ತಿಗೆ ಕುದುರೆ ತಾನಾಗಿ ತಲೆ ತಗ್ಗಿಸಿ ಮಗುವಿನ ಹೆಗಲನ್ನು ಮೂಸುತ್ತದೆ.