ಓದಿನ ಸಾಲ: ಸಹಿ ಯಾರದು, ತೆರಿಗೆ ಲಾಭ ಯಾರಿಗೆ?

ಎಂ.ಟೆಕ್‌ಗೋ ಎಂ.ಬಿ.ಎ.ಗೋ ಸೀಟು ಸಿಕ್ಕ ಸಂಭ್ರಮದಲ್ಲಿ ಬ್ಯಾಂಕಿಗೆ ಹೋದ ಅಪ್ಪ-ಮಗಳು ಮ್ಯಾನೇಜರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬರುತ್ತಾರೆ. ಅಪ್ಪನ ಸಹಿ ಬಿದ್ದದ್ದು ಜಂಟಿ ಸಾಲಗಾರನ ಜಾಗದಲ್ಲೋ ಜಾಮೀನುದಾರನ ಜಾಗದಲ್ಲೋ ಎಂದು ಆಗ ಯಾರೂ ನೋಡುವುದಿಲ್ಲ. ಮುಂದೆ ಆದಾಯ ತೆರಿಗೆಯ ಲೆಕ್ಕ ಬಂದಾಗ ಅದೇ ಮುಖ್ಯವಾಗುತ್ತದೆ.

ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆಯುವ ಸೌಲಭ್ಯ ಬಹುಮಂದಿಗೆ ಗೊತ್ತಿರುವುದು 1961ರ ಕಾಯಿದೆಯ 80ಇ ಕಲಮಾಗಿ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಹೊಸ ಕಾಯಿದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ಸೌಲಭ್ಯ ಉಳಿದಿದೆ. ಮೊದಲು ಎಂಜಿನಿಯರಿಂಗ್, ವೈದ್ಯಕೀಯ, ಮ್ಯಾನೇಜ್‌ಮೆಂಟ್, ವಿಜ್ಞಾನಗಳಿಗಷ್ಟೇ ಇದ್ದ ಇದು 2009ರ ತಿದ್ದುಪಡಿಯ ನಂತರ ಪಿಯುಸಿ ಮುಗಿದ ಮೇಲಿನ ಎಲ್ಲ ಮಾನ್ಯ ಕೋರ್ಸುಗಳಿಗೂ ಸಿಗುತ್ತದೆ. ಕನ್ನಡ ಎಂ.ಎ. ಓದುವವರೂ ಈಗ ಲೆಕ್ಕಕ್ಕಿದ್ದಾರೆ!

ಸಾಲ ಪಡೆದವರೇ ತಮ್ಮ ತೆರಿಗೆಗೊಳಪಡುವ ಆದಾಯದಿಂದ ಬಡ್ಡಿ ಕಟ್ಟಿರಬೇಕೆಂಬುದು ಮೂಲ ನಿಯಮ. ಅಪ್ಪ ಜಂಟಿ ಸಾಲಗಾರನಾಗಿ ಬಡ್ಡಿ ಕಟ್ಟಿದರೆ ವಿನಾಯಿತಿ ಕೇಳಬಹುದು. ಬರೀ ಜಾಮೀನುದಾರನಾಗಿದ್ದರೆ ಕಟ್ಟಿದ್ದು ಕಟ್ಟಿದ ಹಾಗೇ. ಸೋದರಮಾವನ ಕೈಸಾಲ ನಡೆಯದು. ಸಾಲ ಬ್ಯಾಂಕಿನದೋ ಮಾನ್ಯತೆ ಪಡೆದ ಹಣಕಾಸು ಅಥವಾ ದತ್ತಿ ಸಂಸ್ಥೆಯದೋ ಆಗಿರಬೇಕು. ಓದುವವರು ಸಾಲಗಾರ ತಾನೇ, ಗಂಡ ಅಥವಾ ಹೆಂಡತಿ, ಮಕ್ಕಳು, ಇಲ್ಲವೇ ಕಾನೂನಿನಂತೆ ತನ್ನ ಪೋಷಣೆಯಲ್ಲಿರುವ ವಿದ್ಯಾರ್ಥಿ ಆಗಿರಬೇಕು. ಅಣ್ಣ ಸಾಲ ತೆಗೆದು ತಂಗಿಯನ್ನು ಓದಿಸಿದರೆ ಏನೂ ಸಿಗದು. ನಮ್ಮಲ್ಲಿ ಅಂಥ ಅಣ್ಣಂದಿರು ಎಷ್ಟು ಮಂದಿಯಿಲ್ಲ? ಕಾಯಿದೆ ಬರೆದವರಿಗೆ ಅವರು ಕಾಣಿಸಲಿಲ್ಲ.

ಅಸಲಿಗೆ ವಿನಾಯಿತಿಯಿಲ್ಲ, ಬಡ್ಡಿಗೆ ಮಾತ್ರ. ಅದಕ್ಕೆ ಗರಿಷ್ಠ ಮಿತಿಯೂ ಇಲ್ಲ. ಹಾಗೆಂದು ವರ್ಷಕ್ಕೆ 1 ಲಕ್ಷ ಬಡ್ಡಿ ಕಟ್ಟಿದರೆ 1 ಲಕ್ಷ ತೆರಿಗೆ ಉಳಿಯುತ್ತದೆಂದು ಹಿಗ್ಗಬೇಡಿ. ಶೇ 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಉಳಿಯುವುದು 20,800 ರೂಪಾಯಿ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷವೂ ಸೇರಿ ಒಟ್ಟು 8 ವರ್ಷ ಈ ಅವಕಾಶ. ಸಾಲ 12 ವರ್ಷದ್ದಾದರೂ ಅಷ್ಟೆ. ಎಂಟು ವರ್ಷವನ್ನು ಉಳಿಸಿಕೊಳ್ಳಲೆಂದು ಓದುವಾಗ ಬಡ್ಡಿ ಕಟ್ಟದೆ ಬೆಳೆಸುವವರಿದ್ದಾರೆ. ಕೈಯಲ್ಲಿ ಹಣವಿದ್ದೂ ಹಾಗೆ ಮಾಡುವುದು ನನಗಂತೂ ಜಾಣತನವೆನಿಸುವುದಿಲ್ಲ. ಉಳಿಯುವ ತೆರಿಗೆ ಬಡ್ಡಿಯ ಒಂದು ಪಾಲು ಮಾತ್ರ, ಬೆಳೆದ ಬಡ್ಡಿಯಾದರೋ ಪೂರ್ತಿ ನಮ್ಮ ತಲೆಯ ಮೇಲೆ.

ಇನ್ನೊಂದು ತೊಡಕು: ಇದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಬಡ್ಡಿ ಕಳೆಯುವಂತಿಲ್ಲ. ಆದರೆ 2025-26ರಿಂದ ಅಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಇಲ್ಲ. ಓದು ಮುಗಿಸಿ 8 ಲಕ್ಷದ ಕೆಲಸಕ್ಕೆ ಸೇರಿದ ಮಗಳಿಗೆ ಹೊಸ ಪದ್ಧತಿಯೇ ಸಾಕು. ಮನೆ ಬಾಡಿಗೆ, ವಿಮೆ, ಭವಿಷ್ಯನಿಧಿ ಎಂದು ಬೇರೆ ವಿನಾಯಿತಿಗಳೂ ಇರುವ, ಸಂಬಳ ಹೆಚ್ಚಿರುವ ಅಪ್ಪ ಎರಡೂ ಲೆಕ್ಕ ಹಾಕಿ ನೋಡಬೇಕು. ಅಸಲು, ಬಡ್ಡಿ ಬೇರೆಬೇರೆ ತೋರಿಸುವ ಪ್ರಮಾಣಪತ್ರವನ್ನು ಬ್ಯಾಂಕಿನಿಂದ ಪ್ರತಿವರ್ಷ ಪಡೆದಿಡಿ.

ಸಂಶೋಧನೆಗೆ ಹೋದವರ ಲೆಕ್ಕ ಹಗುರ. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಯಾವ ಪದ್ಧತಿಯಲ್ಲೂ ತೆರಿಗೆಯಿಲ್ಲ. ಆದರೆ ಹೆಸರು ‘ಸ್ಟೈಪೆಂಡ್’ ಎಂದಿದ್ದು, ಹಣ ಮಾಡಿದ ಕೆಲಸಕ್ಕೆ ಕೊಟ್ಟ ಪ್ರತಿಫಲವಾದರೆ ಅದನ್ನು ಸಂಬಳವೆಂದೇ ಎಣಿಸಬಹುದು. ಆದ್ದರಿಂದ ಮಂಜೂರಾತಿ ಪತ್ರವನ್ನು ಕಳೆದುಕೊಳ್ಳಬೇಡಿ. ವಿದ್ಯಾರ್ಥಿವೇತನದಲ್ಲೇ ತಪ್ಪಾಗಿ ತೆರಿಗೆ ಮುರಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಕೇಳಲು ಬೇಕಾಗುವುದು ಅದೇ ಪತ್ರ.