ಕ್ಷಯರೋಗಿಯ ಔಷಧಸೇವನೆಯೂ ದಾದಿಯ ಹೊಣೆಯೂ

ಆರೋಗ್ಯಧಾಮದ ವಾಸವಿಲ್ಲದೆಯೂ ಕ್ಷಯರೋಗಿಯು ಮನೆಯಲ್ಲಿದ್ದು ಗುಣಹೊಂದಬಲ್ಲನೆಂಬುದನ್ನು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವು ತೋರಿಸಿಕೊಟ್ಟಿತು. ಅಂದಿನಿಂದ ಶುಶ್ರೂಷೆಯ ಹೊಣೆಯು ಬಹುಮಟ್ಟಿಗೆ ವಾರ್ಡಿನಿಂದ ಮನೆಯ ಬಾಗಿಲಿಗೆ ಬಂದಿದೆ.

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಕ್ರಮವುಂಟು. ಆದರೆ ಕೆಲವೇ ವಾರಗಳಲ್ಲಿ ಜ್ವರ, ಕೆಮ್ಮುಗಳು ತಗ್ಗುವುದರಿಂದ ರೋಗಿಯು ತಾನು ಗುಣವಾದೆನೆಂದು ಬಗೆದು ಗುಳಿಗೆಯನ್ನು ಬಿಡುವುದುಂಟು. ಅಳಿದುಳಿದ ರೋಗಾಣುಗಳು ಆಗ ಮತ್ತೆ ತಲೆಯೆತ್ತುತ್ತವೆ. ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುವ ಅಪಾಯವೂ ಇದೆ.

ಭಯವು ಇನ್ನೊಂದು ಕಾರಣ. ರಿಫಾಂಪಿಸಿನ್ ಸೇವಿಸಿದವರ ಮೂತ್ರವು ಕಿತ್ತಳೆಗೆಂಪಾಗುತ್ತದೆ. ಇದು ನಿರಪಾಯವಾದುದೆಂದು ದಾದಿಯು ಮುಂಚಿತವಾಗಿ ತಿಳಿಸದಿದ್ದರೆ ರೋಗಿಯು ರಕ್ತವೆಂದೇ ಹೆದರುತ್ತಾನೆ. ಐಸೋನಿಯಾಜಿಡ್‌ನಿಂದ ಕೈಕಾಲು ಜುಮ್ಮೆನ್ನುವುದಕ್ಕೆ ಪಿರಿಡಾಕ್ಸಿನ್ ಪರಿಹಾರವಾಗಿದೆ. ಎಡೆಬಿಡದ ವಾಂತಿ, ಕಣ್ಣು ಹಳದಿಯಾಗುವುದು, ಎಥಾಂಬ್ಯುಟಾಲ್ ಸೇವಿಸುವವರಿಗೆ ದೃಷ್ಟಿ ಮಸುಕಾಗುವುದು ಇಲ್ಲವೆ ಕೆಂಪು ಹಸಿರುಗಳ ಭೇದ ತಿಳಿಯದಿರುವುದು ಮಾತ್ರ ಹಾಗಲ್ಲ. ಅಂಥವರನ್ನು ಅದೇ ದಿನ, ಮುಂದಿನ ಗುಳಿಗೆಗೆ ಮೊದಲೇ, ವೈದ್ಯರಲ್ಲಿಗೆ ಕಳುಹಿಸತಕ್ಕದ್ದು.

ಮದರಾಸಿನ ಅಧ್ಯಯನದಲ್ಲಿ ರೋಗಿಗಳ ಮನೆಗೆ ಅನಿರೀಕ್ಷಿತವಾಗಿ ಹೋಗಿ ಉಳಿದ ಔಷಧವನ್ನು ಎಣಿಸುತ್ತಿದ್ದರು. ಎಣಿಕೆ ಅವಶ್ಯವೇ ಸರಿ. ಆದರೆ ಉಳಿದ ಗುಳಿಗೆಗಳನ್ನು ಕಂಡು ಗದರಿಸಿದ ದಾದಿಗೆ ಮುಂದಿನ ಬಾರಿ ಅವು ಕಾಣಸಿಗಲಾರವು. ಅವು ಏಕೆ ಉಳಿದವೆಂಬ ಕಾರಣವೂ ತಿಳಿಯಲಾರದು.