ಶೂ ಕೊಳ್ಳುವ ಸರಕಾರ ಶಾಲೆಯ ಅಂಗಳದಲ್ಲೇ ಇದೆ

ಸರಕಾರಕ್ಕೆ ಸರಕು ಒದಗಿಸುವುದೆಂದರೆ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಕಚೇರಿ, ಟೆಂಡರು, ದಪ್ಪನೆಯ ಕಡತ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸರಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಕಪ್ಪು ಶೂ ಆ ದಾರಿಯಲ್ಲಿ ಬಂದದ್ದಲ್ಲ. ಅದನ್ನು ಕೊಳ್ಳುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಹಾಗೆ ನೋಡಿದರೆ ಇಲ್ಲಿ ಖರೀದಿದಾರ ಸರಕಾರವೆಂದರೆ ಮಕ್ಕಳ ಅಪ್ಪ ಅಮ್ಮಂದಿರೇ!

ಈ ಅಧಿಕಾರದ ಅರಿವು ಎಷ್ಟು ಪೋಷಕರಿಗಿದೆ? ಸಭೆಗೆ ಬಂದು, ತಂದಿಟ್ಟ ಡಬ್ಬಗಳನ್ನು ನೋಡಿ, ಪುಸ್ತಕದಲ್ಲಿ ಸಹಿ ಹಾಕಿ ಹೋಗುವವರೇ ಜಾಸ್ತಿ.

ರಾಜ್ಯದಲ್ಲಿ ‘ಶೂ ಭಾಗ್ಯ’ ಎಂಬ ಹೆಸರು ಕೇಳಿಬಂದದ್ದು 2015ರಲ್ಲಿ. ಪ್ರತಿ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ವಿತರಣೆ 2022-23ರಲ್ಲಿ ಮತ್ತೆ ಶುರುವಾದಾಗ ಸರಕಾರ 132 ಕೋಟಿ ರೂಪಾಯಿ ಒದಗಿಸಿತು. ಆಗ ಒಂದರಿಂದ ಐದನೇ ತರಗತಿಯವರಿಗೆ ತಲಾ 265, ಆರರಿಂದ ಎಂಟರವರಿಗೆ 295, ಒಂಬತ್ತು ಮತ್ತು ಹತ್ತರವರಿಗೆ 325 ರೂಪಾಯಿ ನಿಗದಿಯಾಗಿತ್ತು.

ಲೆಕ್ಕ ಹಾಕಿ ನೋಡೋಣ. ಅರವತ್ತು ಮಕ್ಕಳ ಒಂದು ಹಿರಿಯ ಪ್ರಾಥಮಿಕ ಶಾಲೆ. ನಲವತ್ತು ಮಂದಿ ಐದನೆಯವರೆಗೆ, ಇಪ್ಪತ್ತು ಮಂದಿ ಆರು ಏಳರಲ್ಲಿ. ಆ ದರದಲ್ಲಿ ಒಟ್ಟು 16,500 ರೂಪಾಯಿ. ದೊಡ್ಡ ಕಂಪೆನಿ ಇಷ್ಟು ಸಣ್ಣ ಆರ್ಡರಿಗೆ ತಿರುಗಿಯೂ ನೋಡದು. ಬಿ.ಸಿ. ರೋಡಿನ ಅಥವಾ ಬೆಳ್ತಂಗಡಿ ಪೇಟೆಯ ಅಂಗಡಿಯವನಿಗೆ, ನಾಲ್ಕಾರು ಜನರ ಸಣ್ಣ ಘಟಕಕ್ಕೆ ಇದು ಹೇಳಿ ಮಾಡಿಸಿದ ವ್ಯಾಪಾರ. ನಾಲ್ಕು ಶಾಲೆಗಳು ಸೇರಿದರೆ ಒಂದು ತಿಂಗಳ ಕೆಲಸ.

ಆದರೆ ಆ ಹಣದಲ್ಲಿ ಬರುವುದೇನು? ಕಾಲುಚೀಲದ ಬೆಲೆ ಕಳೆದರೆ ಶೂಗೆ ಉಳಿಯುವುದು ಇನ್ನೂರರ ಆಸುಪಾಸು. ಅಷ್ಟರಲ್ಲಿ ಅಪ್ಪಟ ಚರ್ಮದ ಶೂ ಬರುವುದಿಲ್ಲ. ಬರುವುದು ಕೃತಕ ಚರ್ಮದ ಮೇಲ್ಭಾಗ, ಕೆಳಗೆ ಪಿವಿಸಿ ಅಟ್ಟೆ. ಅದನ್ನು ದೂರುವಂತೆಯೂ ಇಲ್ಲ. ಕರಾವಳಿಯ ಮಳೆಗಾಲದಲ್ಲಿ ಚರ್ಮ ಮೂರು ದಿನ ಒದ್ದೆಯಾಗಿದ್ದರೆ ಬೂಸ್ಟು ಹಿಡಿಯುತ್ತದೆ. ಒಲೆಯ ಪಕ್ಕ ಒಣಗಿಸಿದರೆ ಸೆಟೆದು ಬಿರಿಯುತ್ತದೆ. ಕೃತಕ ಚರ್ಮಕ್ಕೆ ಬೂಸ್ಟಿನ ಕಾಟ ಕಡಿಮೆ, ಆದರೆ ಗಾಳಿಯಾಡದೆ ಒಳಗೆ ಪಾದ ಬೆವರಿ ಬಿಳಿಚಿಕೊಳ್ಳುತ್ತದೆ.

ನಿಜವಾದ ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ತೋಡು ದಾಟಿ, ಗದ್ದೆಯ ಬದುವಿನಲ್ಲಿ ನಡೆದು ಬರುವ ಮಗುವಿಗೆ ಜೂನ್, ಜುಲೈಯಲ್ಲಿ ಲೇಸು ಕಟ್ಟುವ ಶೂ, ಬಿಳಿ ಕಾಲುಚೀಲ ಎಂದರೆ ಶಿಕ್ಷೆಯೇ ಸರಿ. ಹೊಸ ಶೂವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ರಬ್ಬರ್ ಚಪ್ಪಲಿಯಲ್ಲಿ ನಡೆದು ಬರುವ ಮಕ್ಕಳು ಜಾಣರೆನ್ನಬೇಕು. ಸ್ಥಳೀಯ ಹವಾಮಾನ ನೋಡಿ ಶೂ ಬದಲಿಗೆ ಚಪ್ಪಲಿ ಅಥವಾ ಸ್ಯಾಂಡಲ್ ಕೊಳ್ಳಲು ಶಿಕ್ಷಣ ಇಲಾಖೆಯೇ ಅವಕಾಶ ಕೊಟ್ಟಿದೆ. ಹಿಂದೆ ಪಟ್ಟಿಯಿರುವ, ನೀರು ಬಸಿದುಹೋಗುವ, ಜಾರದ ಅಟ್ಟೆಯ ಸ್ಯಾಂಡಲ್ ಈ ನೆಲಕ್ಕೆ ಹೆಚ್ಚು ಹೊಂದುತ್ತದೆ. ಫೋಟೊದಲ್ಲಿ ಶೂ ಅಂದವಾಗಿ ಕಾಣಬಹುದು. ಅಂಗಳದ ಕೆಸರಿಗೆ ಫೋಟೊದ ಹಂಗಿಲ್ಲ.

ಅಳತೆಯಲ್ಲೂ ಎಡವುವುದುಂಟು. ತರಗತಿ ಹೇಳಿ ಅಂದಾಜಿನ ನಂಬರು ಬರೆಸಿದರೆ ಅರ್ಧ ಮಕ್ಕಳಿಗೆ ಕಚ್ಚುತ್ತದೆ, ಉಳಿದವರಿಗೆ ಕಳಚುತ್ತದೆ. ಸರಿಯಾದ ಕ್ರಮ ಸುಲಭ. ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಸುತ್ತ ಪೆನ್ಸಿಲಿನಲ್ಲಿ ಗೀಟೆಳೆಯಬೇಕು. ನಿಂತಾಗ ಪಾದ ಹರಡುತ್ತದೆ, ಸಂಜೆಗೆ ತುಸು ಊದಿರುತ್ತದೆ. ಅಳತೆ ಆಗಲೇ ಆಗಬೇಕು. ಎರಡರಲ್ಲಿ ಉದ್ದದ ಪಾದವನ್ನು ಹಿಡಿದು, ಬೆರಳ ತುದಿಗೆ ಸುಮಾರು ಒಂದು ಸೆಂಟಿಮೀಟರ್ ಜಾಗ ಬಿಡಬೇಕು. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇಂಚಿನ ಮೂರನೇ ಒಂದು ಭಾಗ, ಎಂದರೆ ಎಂಟೂವರೆ ಮಿಲಿಮೀಟರ್ ಅಂತರ. ಏಳನೇ ತರಗತಿಯ ಮಕ್ಕಳೇ ಚಿಕ್ಕವರ ಪಾದ ಅಳೆದು ಪಟ್ಟಿ ಮಾಡಲಿ. ಅಂದಿನ ಗಣಿತ ಪಾಠ ಅಲ್ಲಿಗೇ ಮುಗಿಯಿತು.

ಸರಕು ಬಂದಾಗ ಡಬ್ಬ ತೆರೆಯದೆ ಸಹಿ ಹಾಕುವಂತಿಲ್ಲ. ಅಟ್ಟೆಯನ್ನು ಬಗ್ಗಿಸಿದರೆ ಬೆರಳಿನ ಬುಡದ ಕಡೆ ಬಾಗಬೇಕು, ನಡುವೆ ಮುರಿದಂತೆ ಮಡಚಬಾರದು. ಅಂಚಿನಲ್ಲಿ ಉಗುರು ತೂರಿಸಿದರೆ ಅಂಟು ಬಿಡಬಾರದು. ಹಿಮ್ಮಡಿಯ ಹಿಂಭಾಗ ಒತ್ತಿದರೆ ಕುಸಿಯಬಾರದು. ಒಂದು ಜೊತೆಯನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದದ್ದೆಲ್ಲ ಗೊತ್ತಾಗುತ್ತದೆ. ಆ ಜೊತೆಯ ಬೆಲೆ ವ್ಯರ್ಥವಲ್ಲ.

ದೊಡ್ಡ ಖರೀದಿಗಳ ಕತೆ ಬೇರೆ. ಬಿ.ಸಿ. ರೋಡ್ ಮತ್ತು ಧರ್ಮಸ್ಥಳದ ಕೆಎಸ್‌ಆರ್‌ಟಿಸಿ ಘಟಕಗಳ ಕಂಡಕ್ಟರನ ಹಣದ ಚೀಲ, ಠಾಣೆಯ ಪೊಲೀಸರ ಬೆಲ್ಟು ಬೂಟು, ಲೈನ್‌ಮನ್‌ನ ಕೈಗವಸು, ಇವೆಲ್ಲ ತಾಲೂಕಿನಲ್ಲಿ ಬಳಕೆಯಾದರೂ ಸಾಮಾನ್ಯವಾಗಿ ನಿರ್ಧಾರವಾಗುವುದು ಕೇಂದ್ರ ಕಚೇರಿಯಲ್ಲಿ. ಅಲ್ಲಿ 1999ರ ಪಾರದರ್ಶಕತೆ ಕಾಯಿದೆಯಂತೆ ಟೆಂಡರು, ಮುಂಗಡ ಠೇವಣಿ, ಮಾದರಿ, ಪ್ರಯೋಗಾಲಯದ ವರದಿ ಎಲ್ಲವೂ ಬೇಕು. ಲೈನ್‌ಮನ್‌ನ ಕೈಗವಸಿನಲ್ಲಿ ಒಂದು ಸೂಜಿತೂತು ಇದ್ದರೂ ಜೀವ ಹೋಗಬಹುದಾದ್ದರಿಂದ ಈ ಬಿಗಿ ಬೇಕೇ ಬೇಕು. ಆದರೆ ಠೇವಣಿ ಕಟ್ಟಲಾಗದ ಕುಶಲಕರ್ಮಿ ಬಾಗಿಲಲ್ಲೇ ಉಳಿಯುತ್ತಾನೆ.

ಅವನಿಗಾಗಿ ಒಂದೆರಡು ಕಿಂಡಿಗಳಿವೆ. ಕೇಂದ್ರ ಸರಕಾರದ ಇಲಾಖೆಗಳು, ಉದ್ಯಮಗಳು ವರ್ಷದ ಖರೀದಿಯಲ್ಲಿ ಶೇ. 25ನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು, ಅದರೊಳಗೆ ಶೇ. 4 ಪರಿಶಿಷ್ಟ ಜಾತಿ, ಪಂಗಡದವರ, ಶೇ. 3 ಮಹಿಳೆಯರ ಉದ್ಯಮಗಳಿಗೆ. 2012ರ ಈ ನೀತಿಯಲ್ಲಿ ಠೇವಣಿಗೂ ವಿನಾಯಿತಿ ಇದೆ. ಆದರೆ ತಯಾರಿಸುವವನಿಗೆ ಮಾತ್ರ, ತಂದು ಮಾರುವವನಿಗಲ್ಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಹಣ 45 ದಿನದೊಳಗೆ ಬರಬೇಕು, ತಡವಾದರೆ ಬಡ್ಡಿ ಕೇಳಬಹುದು ಎಂದು 2006ರ ಕಾಯಿದೆ ಹೇಳುತ್ತದೆ. ಸರಕು ಮುಟ್ಟಿಸಿದ ರಸೀದಿಗೆ ಸಹಿ, ತಾರೀಕು ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಶೇ. 4ರ ಗುರಿಯನ್ನು ಹಲವು ವರ್ಷ ಮುಟ್ಟಲಾಗಿಲ್ಲ. ತಲೆಮಾರುಗಳಿಂದ ಚರ್ಮದ ಕೆಲಸ ಮಾಡಿದ ಸಮಗಾರ, ಮಚ್ಚೆಗಾರ ಸಮುದಾಯಗಳನ್ನು ಅಂಗಳದಾಚೆ ನಿಲ್ಲಿಸಿದ ಸಮಾಜ, ಅವರು ಹೊಲಿದದ್ದನ್ನು ಮಾತ್ರ ಕಾಲಿಗೆ ಹಾಕಿಕೊಂಡೇ ನಡೆಯಿತು. ಈ ಕುಶಲಕರ್ಮಿಗಳಿಗಾಗಿಯೇ ರಾಜ್ಯ ಸರಕಾರ 1976ರಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪಿಸಿತು. ಈಗ ಅದಕ್ಕೆ ಡಾ. ಬಾಬು ಜಗಜೀವನರಾಂ ಅವರ ಹೆಸರಿದೆ; ಅಂಗಡಿಗಳ ಮೇಲೆ ಕಾಣುವ ಹೆಸರು ಲಿಡ್ಕರ್. ತರಬೇತಿಯ ಜೊತೆಗೆ ಸರಕಾರಿ ಇಲಾಖೆಗಳಿಗೆ ಶೂ, ಬ್ಯಾಗು ಒದಗಿಸುವುದೂ ಅದರ ಕೆಲಸ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತು ಮಹಾರಾಷ್ಟ್ರದ ನಿಗಮದೊಡನೆ ಜಂಟಿಯಾಗಿ ಇದರ ಹೆಸರಿನಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕೈಗಳೂ ಅದನ್ನು ಹೊಲಿಯುತ್ತವೆ.

ಹತ್ತನೆಯದು, ಪಿಯುಸಿ ಮುಗಿಸಿದವರಿಗೆ ಈ ಕ್ಷೇತ್ರ ಬರೀ ಸೂಜಿದಾರದ್ದಲ್ಲ. ಚರ್ಮ ಹದ ಮಾಡುವುದು ರಸಾಯನಶಾಸ್ತ್ರ. 1948ರಲ್ಲಿ ಶುರುವಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೊಡನೆ ಸೇರಿ ಅಣ್ಣಾ ವಿಶ್ವವಿದ್ಯಾಲಯ ಚರ್ಮ ತಂತ್ರಜ್ಞಾನದ ಪದವಿ ಕೊಡುತ್ತದೆ. ಪಾದರಕ್ಷೆ ವಿನ್ಯಾಸ ಕಲಿಸುವ ಎಫ್‌ಡಿಡಿಐಗೆ ಚೆನ್ನೈ, ಹೈದರಾಬಾದ್‌ಗಳಲ್ಲಿ ಕೇಂದ್ರಗಳಿವೆ. ಅಷ್ಟು ದೂರ ಹೋಗಲಾಗದವರಿಗೆ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲೇ 1982ರಿಂದ ರುಡ್‌ಸೆಟ್ ಸಂಸ್ಥೆ ಇದೆ. ಅಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿಯಲ್ಲಿ ಸ್ವಂತ ಉದ್ಯೋಗ ನಡೆಸುವ ಬಗೆ ಕಲಿಸುತ್ತಾರೆ. ಚಪ್ಪಲಿ ಹೊಲಿಯಲು ಗೊತ್ತಿದ್ದೂ ದರಪಟ್ಟಿ ಬರೆಯಲು ಬಾರದವನು ಮೊದಲು ತಟ್ಟಬೇಕಾದ ಬಾಗಿಲು ಅದು.